ಮುಳಬಾಗಿಲಿನ ತಾರಸಿಯಲ್ಲಿ ಹಿಮದ ಸಿನಿಮಾ ತೋರಿಸುವ ಬಗೆ

ಪರದೆಯ ಬಟ್ಟೆಗೆ ನೀಲಿ ಹಾಕಬೇಡಿ. ಮಿಕ್ಕಿದ್ದನ್ನೆಲ್ಲ ಆಮೇಲೆ ಹೇಳುತ್ತೇನೆ, ಇದನ್ನು ಮಾತ್ರ ಮೊದಲೇ ಹೇಳಿಬಿಡಬೇಕು. ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ, ಪಾಪ, ಒಳ್ಳೆಯದಾಗಲಿ ಎಂದೇ ನಮ್ಮ ಪರದೆಯನ್ನು ಒಗೆದು, ನನ್ನ ಅಂಗಿಗೆ ಹಾಕುವುದಕ್ಕಿಂತ ನಾಲ್ಕು ತೊಟ್ಟು ಹೆಚ್ಚಾಗಿಯೇ ನೀಲಿ ಹಾಕಿ ಒಣಗಿಸಿದ್ದಳು. ಹಗಲಿನಲ್ಲಿ ಬಟ್ಟೆ ಹಂಸದ ಹಾಗೆ ಹೊಳೆಯುತ್ತಿತ್ತು. ರಾತ್ರಿ ಪ್ರೊಜೆಕ್ಟರಿನ ಬೆಳಕು ಬಿದ್ದದ್ದೇ ತಡ, ಉತ್ತರ ಕೆನಡಾದ ಹಿಮವೆಲ್ಲ ಸೋಪು ಕಲಸಿದ ನೀರಿನ ಬಣ್ಣಕ್ಕೆ ತಿರುಗಿತು. ಬೇರೆ ಸಿನಿಮಾ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಿಮದ ಸಿನಿಮಾದಲ್ಲಿ ಮುಚ್ಚಿಡಲು ಜಾಗವೇ ಇಲ್ಲ. ಪರದೆಯ ಮುಕ್ಕಾಲು ಪಾಲು ಬರೀ ಬಿಳಿ. ಬಟ್ಟೆಯ ಕಲೆ, ಮಡಿಕೆಯ ಗೆರೆ, ಹೊಲಿಗೆ, ಕಾಗೆಯ ಗುರುತು, ಎಲ್ಲವೂ ಅಲ್ಲಿ ಎದ್ದು ನಿಲ್ಲುತ್ತವೆ.

ನಾನು ಮುಳಬಾಗಿಲಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಜೀವ ಕೊಡುವುದು ನನ್ನ ಕಸುಬು. ಅದಕ್ಕೂ ಮೊದಲು, ಹದಿನಾಲ್ಕನೆಯ ವಯಸ್ಸಿನಲ್ಲಿ, ಒಂದು ಟೂರಿಂಗ್ ಟಾಕೀಸಿನಲ್ಲಿ ಎರಡು ವರ್ಷ ಸಹಾಯಕನಾಗಿದ್ದೆ. ಕಾರ್ಬನ್ ಕಡ್ಡಿಗಳ ಉರಿಯಲ್ಲಿ ಚಿತ್ರ ಮೂಡುತ್ತಿದ್ದ ಕಾಲ. ಎರಡು ಕಡ್ಡಿಗಳ ನಡುವಿನ ಸಂದು ಹೆಚ್ಚಾದರೆ ಪರದೆ ಮಂಕಾಗುತ್ತಿತ್ತು, ನೆಲದ ಟಿಕೆಟಿನವರು ಶಿಳ್ಳೆ ಹಾಕುತ್ತಿದ್ದರು. ಆ ಟೆಂಟಿನ ಪರದೆಗೆ ಮೈದಾ ಹಿಟ್ಟಿನ ಚೀಲದ ಬಟ್ಟೆಯಿಂದ ಒಂದು ತೇಪೆ ಹಾಕಿದ್ದರು. ನಾಯಕ ನಾಯಕಿ ಹಿಮಾಲಯಕ್ಕೆ ಹೋಗಿ ಹಾಡುವ ದೃಶ್ಯ ಬಂದಾಗಲೆಲ್ಲ ಬೆಟ್ಟದ ನೆತ್ತಿಯ ಮೇಲೆ ಮಿಲ್ಲಿನ ಮುದ್ರೆ ಕಾಣುತ್ತಿತ್ತು. ಬಿಳಿಯನ್ನು ತೋರಿಸುವುದು ಕಷ್ಟ ಎಂಬ ಪಾಠ ನನಗೆ ಅಲ್ಲೇ ಆಯಿತು.

ಈಗ ಏಳು ವರ್ಷದಿಂದ, ಮೇ ತಿಂಗಳಲ್ಲಿ ಎರಡು ರಾತ್ರಿ, ನಮ್ಮ ಬೀದಿಯವರಿಗೆ ತಾರಸಿಯ ಮೇಲೆ ಹಿಮದ ನಾಡಿನ ಸಿನಿಮಾ ತೋರಿಸುತ್ತೇನೆ. ಹಿಮವೇ ಏಕೆ ಎಂದು ಕೇಳುವವರು ಮೇ ತಿಂಗಳಲ್ಲಿ ಒಮ್ಮೆ ಮುಳಬಾಗಿಲಿಗೆ ಬರಬೇಕು. ಇಲ್ಲಿಯ ಬಂಡೆ ಹಗಲೆಲ್ಲ ಕಾದು ರಾತ್ರಿ ಒಂಬತ್ತರವರೆಗೂ ಕಾವು ಉಗುಳುತ್ತದೆ. ಕೊಳವೆ ಬಾವಿ ಸಾವಿರ ಅಡಿ ದಾಟಿದರೂ ದೂಳೇ ಬರುತ್ತದೆ. ಅಂಥ ಊರಿನಲ್ಲಿ ಕಣ್ಣು ಹಾಯುವಷ್ಟು ದೂರ ನೀರು ಬೆಳ್ಳಗೆ ಹೆಪ್ಪುಗಟ್ಟಿ ಬಿದ್ದಿರುವುದನ್ನು ನೋಡಿದರೆ ಜನರಿಗೆ ಏನೋ ಆಗುತ್ತದೆ. ತಂಪಾಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮೊದಲ ವರ್ಷವೇ ಎದುರು ಮನೆಯ ಅಜ್ಜಿ ಕೇಳಿದ ಪ್ರಶ್ನೆ ಇದು: “ಅಷ್ಟೊಂದು ನೀರು ಬಿದ್ದಿದೆ, ಕುಡಿಯಬೇಕಾದರೆ ಕರಗಿಸಬೇಕಲ್ಲಪ್ಪ. ಒಂದು ಮರವೂ ಕಾಣುತ್ತಿಲ್ಲ, ಸೌದೆ ಎಲ್ಲಿಂದ ತರುತ್ತಾರೆ?”

ಇಡೀ ಸಿನಿಮಾವನ್ನು ಬಿಚ್ಚುವ ಬೀಗದ ಕೈ ಅದು. ಮರವೇ ಬೆಳೆಯದ ಆ ಬಯಲಿನಲ್ಲಿ ಅಲ್ಲಿಯ ಬೇಟೆಗಾರ ಜನ ಕಲ್ಲಿನ ಹಣತೆಯಲ್ಲಿ ಸೀಲ್ ಪ್ರಾಣಿಯ ಕೊಬ್ಬಿನೆಣ್ಣೆ ಉರಿಸಿ ಹಿಮ ಕರಗಿಸುತ್ತಿದ್ದರು. ಅಂದರೆ ಒಂದು ಲೋಟ ನೀರಿಗೆ ಮೊದಲು ಬೇಟೆಯಾಗಬೇಕು. ನಮ್ಮಲ್ಲಿ ಕರೆಂಟಿಲ್ಲದೆ ನೀರಿಲ್ಲ, ಅವರಲ್ಲಿ ಎಣ್ಣೆಯಿಲ್ಲದೆ ನೀರಿರಲಿಲ್ಲ. ಈ ಸಿನಿಮಾಗಳನ್ನು ಸುಂದರ ನೋಟವೆಂದು ತೋರಿಸಿದರೆ ಹತ್ತು ನಿಮಿಷಕ್ಕೆ ಆಕಳಿಕೆ ಬರುತ್ತದೆ. ನೀರು, ಬೆಂಕಿ, ಗೋಡೆ, ಊಟ ಈ ನಾಲ್ಕನ್ನೂ ಒಬ್ಬ ಮನುಷ್ಯ ಹೇಗೆ ಹೊಂದಿಸುತ್ತಾನೆ ಎಂದು ನೋಡಲು ಹೇಳಿ, ಆಗ ಯಾರೂ ಎದ್ದು ಹೋಗುವುದಿಲ್ಲ. ಕೆಳಗೆ ಹೇಳುವ ಏರ್ಪಾಡುಗಳೆಲ್ಲ ಆ ಕೆಲಸ ಕಣ್ಣಿಗೆ ಸರಿಯಾಗಿ ಕಾಣಲಿ ಎಂದೇ.

ಬಟ್ಟೆಗೆ ಮರಳುತ್ತೇನೆ. ಎರಡು ಎಂಟು ಮೊಳದ ಪಂಚೆಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದರೆ ಹತ್ತು ಅಡಿ ಅಗಲದ ಚಿತ್ರಕ್ಕೆ ಸಾಕು, ಆದರೆ ಹೊಲಿಗೆ ಸರಿಯಾಗಿ ನಡುವೆ ಅಡ್ಡಲಾಗಿ ಬರುತ್ತದೆ. ಮೊದಲ ಸಲ ಆ ಗೆರೆಯನ್ನೇ ಜನ ದಿಗಂತ ಎಂದುಕೊಂಡು, ನಾಯಿಗಳ ಗಾಡಿ ಅದನ್ನು ದಾಟಿ ಮೇಲೆ ಹೋದಾಗ ಗಾಬರಿಯಾದರು. ಹೊದಿಕೆಗೆಂದು ಮಾರುವ ದೊಡ್ಡ ಪನ್ನದ ಬಿಳಿ ಹತ್ತಿ ಬಟ್ಟೆ ಕೋಲಾರದ ಬಟ್ಟೆ ಅಂಗಡಿಗಳಲ್ಲಿ ಸಿಗುತ್ತದೆ. ಹೊಲಿಗೆಯೇ ಬೇಡ. ಇಸ್ತ್ರಿ ಮಾಡಿ, ಮೇಲೆ ಒಂದು ಬಿದಿರು, ಕೆಳಗೆ ಒಂದು ಬಿದಿರು ಕಟ್ಟಿ ಎಳೆದು ನಿಲ್ಲಿಸಿ. ಹಿಂದೆ ಒಂದು ಕಪ್ಪು ಕಂಬಳಿಯೋ ದಪ್ಪ ದುಪ್ಪಟಿಯೋ ಇಳಿಬಿಟ್ಟರೆ ಬೆಳಕು ಆಚೆಗೆ ಸೋರುವುದಿಲ್ಲ. ಫ್ಲೆಕ್ಸ್ ಬ್ಯಾನರಿನ ಹಿಂಬದಿ ಬಳಸುವವರಿದ್ದಾರೆ, ಅದು ಹೊಳೆಯುತ್ತದೆ. ಎದುರಿಗೆ ಕುಳಿತವರಿಗೆ ಹಿಮದ ನಡುವೆ ಪ್ರೊಜೆಕ್ಟರಿನ ಬಲ್ಬೇ ಸೂರ್ಯನ ಹಾಗೆ ಕಾಣುತ್ತದೆ.

ದಿನ ಆರಿಸುವಾಗ ಪಂಚಾಂಗ ನೋಡಿ. ಮುಹೂರ್ತಕ್ಕಲ್ಲ, ಚಂದ್ರನಿಗೆ. ಶುಕ್ಲ ಪಕ್ಷದಲ್ಲಿ ಸಂಜೆಯೇ ಚಂದ್ರ ಆಕಾಶದಲ್ಲಿರುತ್ತಾನೆ, ಪರದೆಯ ಕಪ್ಪನ್ನು ಬೂದಿ ಮಾಡುತ್ತಾನೆ. ಹುಣ್ಣಿಮೆ ಕಳೆದು ನಾಲ್ಕು ದಿನದ ಮೇಲೆ ಅವನು ಏಳುವುದು ತಡ, ಅಷ್ಟರಲ್ಲಿ ನಮ್ಮ ಆಟ ಮುಗಿಯುತ್ತದೆ. ಅಮಾವಾಸ್ಯೆಯ ದಿನವೇ ಇಟ್ಟುಕೊಂಡರೆ ಕತ್ತಲೆ ಬೇಕಾದಷ್ಟಿರುತ್ತದೆ, ಜನ ಮಾತ್ರ ಇರುವುದಿಲ್ಲ. ಹಾಗೆಯೇ ಮದುವೆಯ ಲಗ್ನಗಳು ದಟ್ಟವಾಗಿರುವ ದಿನ ಬೇಡ. ಧ್ವನಿವರ್ಧಕದ ನಾದಸ್ವರದ ಮುಂದೆ ಧ್ರುವ ಪ್ರದೇಶದ ಮೌನ ನಿಲ್ಲುವುದಿಲ್ಲ.

ಹೊತ್ತು ನಿರ್ಧರಿಸುವುದು ಹಸುಗಳು. ಸಂಜೆಯ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆಯೇ ನಮ್ಮ ಬೀದಿಗೆ ಬಿಡುವು. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಆರೂ ಮುಕ್ಕಾಲರ ಸುಮಾರಿಗೆ, ಕತ್ತಲೆ ಕವಿಯುವಾಗ ಏಳೂ ಕಾಲು. ಏಳೂವರೆಗೆ ಶುರು ಮಾಡಿ ಒಂಬತ್ತೂವರೆಯೊಳಗೆ ಮುಗಿಸಿ. ಬೆಳಿಗ್ಗೆ ಐದಕ್ಕೆ ಮತ್ತೆ ಹಾಲು ಕರೆಯುವವರನ್ನು ಹನ್ನೊಂದರವರೆಗೆ ಕೂರಿಸಿಕೊಳ್ಳುವುದು ಅನ್ಯಾಯ. ಐದು ಗಂಟೆಗೇ ತಾರಸಿಗೆ ನಾಲ್ಕು ಬಿಂದಿಗೆ ನೀರು ಚಿಮುಕಿಸಿ. ಪಾತ್ರೆ ತೊಳೆದ ನೀರಾದರೂ ಸರಿ. ಇಲ್ಲದಿದ್ದರೆ ಚಾಪೆಯ ಕೆಳಗಿನಿಂದ ಕಾವು ಹತ್ತುತ್ತದೆ.

ಪ್ರೊಜೆಕ್ಟರಿನ ಬೆಳಕು 3000 ಲುಮೆನ್‌ಗಿಂತ ಕಡಿಮೆಯದಾದರೆ ಚಿತ್ರವನ್ನು ಚಿಕ್ಕದು ಮಾಡಿಕೊಳ್ಳಿ, ದೊಡ್ಡದರ ಆಸೆ ಬೇಡ. ಅದರಲ್ಲಿ ಚಿತ್ರದ ಬಗೆಗಳೆಂದು ನಾಲ್ಕೈದು ಇರುತ್ತವೆ. ‘ಡೈನಮಿಕ್’, ‘ವಿವಿಡ್’ ಎಂಬವನ್ನು ಮುಟ್ಟಬೇಡಿ, ಅವು ಅಂಗಡಿಯಲ್ಲಿ ಗಿರಾಕಿಯ ಕಣ್ಣು ಕುಕ್ಕಲು ಇರುವಂಥವು. ‘ಸಿನಿಮಾ’ ಎಂಬುದನ್ನು ಆರಿಸಿ, ಬಣ್ಣದ ಕಾವನ್ನು ‘ವಾರ್ಮ್’ ಕಡೆಗೆ ತಿರುಗಿಸಿ. ಆಮೇಲೆ ನನ್ನ ಹೆಜ್ಜೆ ಪರೀಕ್ಷೆ ಮಾಡಿ. ಸಿನಿಮಾದಲ್ಲಿ ಯಾರಾದರೂ ಹಿಮದ ಮೇಲೆ ನಡೆದುಹೋದ ದೃಶ್ಯ ಹುಡುಕಿ ನಿಲ್ಲಿಸಿ. ಹೆಜ್ಜೆಗುರುತು ಕಾಣುತ್ತಿದೆಯೇ? ಬರೀ ಬಿಳಿ ಗೋಡೆ ಕಂಡರೆ ಕಾಂಟ್ರಾಸ್ಟ್ ಇಳಿಸುತ್ತ ಬನ್ನಿ. ಒಂದು ಹಂತದಲ್ಲಿ ಹೆಜ್ಜೆಯ ಗುಂಡಿಯೊಳಗಿನ ನೆರಳು, ಗಾಳಿ ಬರೆದ ಸಣ್ಣ ಅಲೆಗಳು, ಜಾರುಬಂಡಿಯ ಗೀರು ಒಂದೊಂದಾಗಿ ಮೇಲೆ ಬರುತ್ತವೆ. ಅಲ್ಲಿ ಕೈ ಬಿಡಿ. ಬೇಟೆಗಾರ ಓದುವುದೂ ಆ ಗೀರುಗಳನ್ನೇ. ನೋಡುವವರಿಗೆ ಅವು ಕಾಣದಿದ್ದರೆ ಅವನು ಸುಮ್ಮನೆ ಬಗ್ಗಿ ಏನು ಹುಡುಕುತ್ತಿದ್ದಾನೆ ಎಂಬುದೇ ತಿಳಿಯುವುದಿಲ್ಲ.

ಯುಪಿಎಸ್ ಇಲ್ಲದೆ ಆಟ ಇಡಬೇಡಿ. ತೋಟಗಳಿಗೆ ಮೂರು ಫೇಸ್ ಕರೆಂಟು ಬಂದ ಕೂಡಲೇ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿಯುತ್ತದೆ. ನನ್ನ ಅಂಗಡಿಗೆ ಅದೇ ಅನ್ನ, ಪ್ರೊಜೆಕ್ಟರಿಗೆ ಮಾತ್ರ ಮೃತ್ಯು.

ಹುಳುಗಳ ಕಥೆ ಬೇರೆಯೇ. ಮೊದಲ ಮುಂಗಾರು ಮಳೆ ಬಿದ್ದ ಮರುದಿನ ಆಟ ಇಟ್ಟು ಒಮ್ಮೆ ಕೆಟ್ಟೆ. ನಾಯಕ ಹಿಮಗಾಳಿಗೆ ಸಿಕ್ಕಿಕೊಂಡ ಹೊತ್ತಿಗೆ ಸರಿಯಾಗಿ ಹುತ್ತದಿಂದ ಈಸಲು ಹುಳುಗಳು ಎದ್ದು ಬೆಳಕಿನ ದಾರಿಗೆ ನುಗ್ಗಿದವು. ಸಾವಿರಾರು ಬಿಳಿ ರೆಕ್ಕೆಗಳು ಪರದೆಯ ಮುಂದೆ ಸುಳಿದಾಡಿದವು. ಹಿಂದೆ ಕುಳಿತವರು ಇದೂ ಸಿನಿಮಾದ್ದೇ ಎಂದು ಚಪ್ಪಾಳೆ ತಟ್ಟಿದರು. ಮುಂದೆ ಕುಳಿತ ಹೆಂಗಸರು ಬೋಗುಣಿ ತರಲು ಓಡಿದರು. ನಮ್ಮ ಕಡೆ ಈಸಲನ್ನು ಹುರಿದು ತಿನ್ನುವವರಿದ್ದಾರಲ್ಲ! ಅಂದಿನ ಆಟ ಅಲ್ಲಿಗೇ ಮುಗಿಯಿತು. ಈಗ ತಾರಸಿಯ ದೂರದ ಮೂಲೆಯಲ್ಲಿ ಒಂದು ಬಲ್ಬು, ಅದರ ಕೆಳಗೆ ನೀರು ತುಂಬಿದ ಅಗಲ ಪಾತ್ರೆ ಇಟ್ಟಿರುತ್ತೇನೆ. ಹುಳುಗಳ ಮುಕ್ಕಾಲು ಪಾಲು ಅತ್ತ ಹೋಗುತ್ತವೆ.

ಯಾವ ಸಿನಿಮಾ ಎನ್ನುವುದಕ್ಕೆ ಮೊದಲು ಕಾನೂನು. ಬೀದಿಯವರನ್ನು ಕರೆದು ತೋರಿಸುವುದು ಸಾರ್ವಜನಿಕ ಪ್ರದರ್ಶನವೇ, ಟಿಕೆಟ್ ಇಲ್ಲದಿದ್ದರೂ. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಅದಕ್ಕೇ ನಾನು ತಾರಸಿಯ ಮೇಲೆ ಇಡುವುದು ಎರಡೇ: 1925ರ ಚಾಪ್ಲಿನ್ ಅವರ ‘ದಿ ಗೋಲ್ಡ್ ರಷ್’, 1922ರ ‘ನಾನೂಕ್ ಆಫ್ ದಿ ನಾರ್ತ್’. ಎರಡೂ ಮೂಕಿ. ಹಳೆಯ ಮೂಕಿಗಳಿಗೆ ಈಚೆಗೆ ಸಂಗೀತ ಸೇರಿಸಿರುತ್ತಾರೆ, ಆ ಸಂಗೀತಕ್ಕೆ ಬೇರೆ ಹಕ್ಕಿರಬಹುದು. ಆದ್ದರಿಂದ ಧ್ವನಿ ಪೂರ್ತಿ ನಿಲ್ಲಿಸಿ, ನಮ್ಮದೇ ಸದ್ದು ಹಾಕಿಕೊಳ್ಳುತ್ತೇವೆ. ಹಿಮದ ಮೇಲೆ ನಡೆಯುವ ಕರಕರ ಸದ್ದಿಗೆ ಒಂದು ಹತ್ತಿ ಚೀಲದಲ್ಲಿ ಕಾರ್ನ್‌ಫ್ಲೋರ್ ತುಂಬಿ, ಬಾಯಿ ಕಟ್ಟಿ, ಮೈಕಿನ ಹತ್ತಿರ ಹಿಡಿದು ಹಿಸುಕಬೇಕು. ಸಿನಿಮಾದವರು ಬಳಸುವ ಉಪಾಯವೇ ಇದು. ರಾಗಿ ಹಿಟ್ಟಿನಲ್ಲಿ ಮಾಡಿ ನೋಡಿದೆ, ಉಸ್ ಎನ್ನುತ್ತದೆಯೇ ಹೊರತು ಕರಕರ ಎನ್ನುವುದಿಲ್ಲ. ಆದರೆ ಮೊರದಲ್ಲಿ ರಾಗಿ ಕಾಳನ್ನು ಮೆಲ್ಲಗೆ ಅತ್ತಿತ್ತ ಜಾರಿಸಿದರೆ ಹಿಮಗಾಳಿಯ ಸದ್ದು ತಾನೇ ತಾನಾಗಿ ಬರುತ್ತದೆ. ಈ ಕೆಲಸ ನನ್ನ ಹೆಂಡತಿಯದು. ಅವಳು ಮೊರ ಹಿಡಿದರೆ ಮಕ್ಕಳು ಹೊದಿಕೆ ಕೇಳುತ್ತಾರೆ.

ಸ್ಪೀಕರನ್ನು ಪರದೆಯ ಹಿಂದೆಯೇ ಇಡಿ, ಟೆಂಟಿನಲ್ಲಿ ಇಡುತ್ತಿದ್ದ ಹಾಗೆ. ಹತ್ತಿ ಬಟ್ಟೆ ಸದ್ದನ್ನು ಬಿಡುತ್ತದೆ, ಕಂಬಳಿ ಸ್ವಲ್ಪ ಮೇಲಕ್ಕೆತ್ತಿರಲಿ. ಮೂಕಿಯಲ್ಲಿ ಜನ ಚಾವಟಿಯ ಹಾಗೆ ಓಡಾಡುತ್ತಿದ್ದರೆ ಅದು ಅವರ ಸ್ವಭಾವವಲ್ಲ. ಆಗ ನಿಧಾನಕ್ಕೆ ತಿರುಗಿಸಿ ಚಿತ್ರಿಸಿದ್ದನ್ನು ಈಗಿನ ವೇಗದಲ್ಲಿ ಓಡಿಸುತ್ತಿರುವುದರ ಫಲ. ಪ್ಲೇಯರಿನಲ್ಲಿ ವೇಗವನ್ನು 0.8ಕ್ಕೆ ಇಳಿಸಿ ನೋಡಿ, ಮನುಷ್ಯರಾಗುತ್ತಾರೆ.

ತಿಂಡಿಗೆ ಹುರಿದ ಕಡಲೆಕಾಯಿ ಬೇಡ, ಸಿಪ್ಪೆ ಒಡೆಯುವ ಸದ್ದು. ಚಿಪ್ಸ್ ಪೊಟ್ಟಣ ಅದಕ್ಕಿಂತ ಶತ್ರು. ಹೆಚ್ಚಿದ ಮಾವಿನಹಣ್ಣು ಕೊಡಿ. ಶ್ರೀನಿವಾಸಪುರ ಪಕ್ಕದಲ್ಲಿದೆ, ಮೇ ತಿಂಗಳಲ್ಲಿ ಮಾವಿಗೇನು ಬರ?

ಆಟಕ್ಕೆ ಮುಂಚೆ ಹತ್ತೇ ನಿಮಿಷ ಮಾತು. ಎಲ್ಲರನ್ನೂ ಉತ್ತರಕ್ಕೆ ತಿರುಗಿಸಿ ನಿಲ್ಲಿಸುತ್ತೇನೆ. ಕೈ ನೀಡಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ನಮ್ಮೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆದ್ದರಿಂದ ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಒಂದು ಮುಷ್ಟಿ ಮತ್ತು ಒಂದೆರಡು ಬೆರಳಿನಷ್ಟೇ ಮೇಲೆ. ದೂಳು, ಬೆಟ್ಟ ಅಡ್ಡ ಬಂದರೆ ಕಾಣುವುದೂ ಇಲ್ಲ. ಇಲ್ಲಿಂದ ನೇರ ಉತ್ತರಕ್ಕೆ ಹೊರಟರೆ, ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ, ಸುಮಾರು 5,900 ಕಿಲೋಮೀಟರಿಗೆ ಆರ್ಕ್ಟಿಕ್ ವೃತ್ತ ಸಿಗುತ್ತದೆ. ಅಲ್ಲಿ ಅದೇ ನಕ್ಷತ್ರವನ್ನು ನೋಡಲು ಕತ್ತು ಎತ್ತಬೇಕು, ಆರು ಮುಷ್ಟಿಗೂ ಮೇಲೆ. ಮಕ್ಕಳು ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಏರಿಸುತ್ತ ಹೋಗುತ್ತಾರೆ. ಭೂಪಟ ತೋರಿಸಿದ್ದಕ್ಕಿಂತ ಇದು ಚೆನ್ನಾಗಿ ಹತ್ತುತ್ತದೆ.

ಆಮೇಲೆ ಒಬ್ಬೊಬ್ಬರ ಅಂಗೈಗೂ ಒಂದು ಐಸ್ ತುಂಡು. ಅರವತ್ತು ಎಣಿಸುವವರೆಗೆ ಬಿಡಬಾರದು. ಮೂವತ್ತಕ್ಕೇ ಅರ್ಧ ಜನ ಬಿಡುತ್ತಾರೆ. ಐಸು ಕರಗುವುದು ಸೊನ್ನೆ ಡಿಗ್ರಿಯಲ್ಲಿ, ಮನೆಯ ಫ್ರೀಜರಿನ ಒಳಗೆ ಮೈನಸ್ 18, ಉತ್ತರದ ಚಳಿಗಾಲ ಮೈನಸ್ 40ರವರೆಗೂ ಇಳಿಯುವುದುಂಟು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹೇಳಿದರೂ ಅದು ಮೈನಸ್ ನಲವತ್ತೇ, ಎರಡು ಅಳತೆಗಳೂ ಕೂಡುವ ಜಾಗ ಅದೊಂದೇ. ಇನ್ನೊಂದು ಮಾತು: ನಾವು ಶಾಲೆಯಲ್ಲಿ ‘ಎಸ್ಕಿಮೋ’ ಎಂದು ಓದಿದೆವು. ಕೆನಡಾದ ಆ ಜನ ತಮ್ಮನ್ನು ‘ಇನುಯಿಟ್’ ಎಂದು ಕರೆದುಕೊಳ್ಳುತ್ತಾರೆ, ಜನರು ಎಂದೇ ಅದರ ಅರ್ಥ. ಅವರು ಕರೆದುಕೊಳ್ಳುವ ಹಾಗೆ ನಾವೂ ಕರೆಯೋಣ ಎಂದು ಹೇಳಿ ಪ್ರೊಜೆಕ್ಟರ್ ಹಚ್ಚುತ್ತೇನೆ.

ಮೊದಲ ರಾತ್ರಿ ಚಾಪ್ಲಿನ್. ಚಳಿಗೆ ಜನರನ್ನು ನಗಿಸಿಕೊಂಡೇ ಕರೆದೊಯ್ಯಬೇಕು. ಕೋಲಾರ ಜಿಲ್ಲೆಯವರಿಗೆ ಈ ಸಿನಿಮಾಕ್ಕೆ ಪೀಠಿಕೆಯೇ ಬೇಡ, ಚಿನ್ನದ ಕಥೆ. ನಮ್ಮ ಬೀದಿಯಲ್ಲೇ ಇಬ್ಬರ ತಾತಂದಿರು ಕೆಜಿಎಫ್ ಗಣಿಯಲ್ಲಿ ಇಳಿದವರು. ಆದರೆ ವ್ಯತ್ಯಾಸ ಹೇಳಿ. ನಮ್ಮದು ಬೆಣಚು ಕಲ್ಲಿನ ಪದರದೊಳಗಿನ ಚಿನ್ನ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆ ಒಡೆದು ತಂದದ್ದು. ಕಂಪನಿ, ಲಿಫ್ಟು, 1902ರಲ್ಲೇ ಶಿವನಸಮುದ್ರದಿಂದ ಬಂದ ಕರೆಂಟು, ಎಲ್ಲ ಇದ್ದವು. ಕೆನಡಾದ ಯೂಕಾನ್ ಸೀಮೆಯ ಕ್ಲೋಂಡೈಕ್‌ನಲ್ಲಿ 1896ರಲ್ಲಿ ಸಿಕ್ಕಿದ್ದು ಹೊಳೆಯ ಮರಳಿನ ಚಿನ್ನ. ತಟ್ಟೆ ಹಿಡಿದು ಜಾಲಿಸಿದವನಿಗೆಲ್ಲ ಆಸೆ. ಲಕ್ಷದಷ್ಟು ಜನ ಹೊರಟರು. ಒಂದು ವರ್ಷಕ್ಕಾಗುವ ದಿನಸಿ ಇಲ್ಲದವನನ್ನು ಕೆನಡಾದ ಪೊಲೀಸರು ಗಡಿಯೊಳಗೆ ಬಿಡುತ್ತಿರಲಿಲ್ಲ. ಸಾಮಾನೆಲ್ಲ ಸೇರಿ ಹೆಚ್ಚುಕಡಿಮೆ ಒಂದು ಟನ್ನಾಗುತ್ತಿತ್ತು. ಅದನ್ನು ಬೆನ್ನ ಮೇಲೆ ಹೊತ್ತು ಚಿಲ್ಕೂಟ್ ಕಣಿವೆಯ ಏರನ್ನು ಹತ್ತಿ, ಇಳಿದು, ಮತ್ತೆ ಹತ್ತಬೇಕು. ಸಿನಿಮಾದ ಆರಂಭದಲ್ಲಿ ಬಿಳಿ ಬೆಟ್ಟದ ಮೇಲೆ ಇರುವೆ ಸಾಲಿನ ಹಾಗೆ ಕಾಣುವುದು ಅದೇ ಏರು. ಆ ಸಾಲನ್ನು ಕ್ಯಾಲಿಫೋರ್ನಿಯಾದ ಟ್ರಕೀ ಎಂಬಲ್ಲಿ, ನೂರಾರು ಜನರನ್ನು ನಿಜವಾಗಿ ಹತ್ತಿಸಿ ಚಿತ್ರಿಸಿದರು. ಉಳಿದ ಹಿಮ ಬಹುಪಾಲು ಸ್ಟುಡಿಯೋದಲ್ಲಿ ಸುರಿದ ಉಪ್ಪು, ಹಿಟ್ಟು, ಪ್ಲಾಸ್ಟರ್. ಇದನ್ನು ಮುಂಚೆಯೇ ಹೇಳಿದರೂ ನಷ್ಟವಿಲ್ಲ, ಚಳಿಗೆ ನಡುಗುವುದು ಉಪ್ಪಿನ ಮೇಲೆ ನಿಂತ ನಟನಾದರೂ ನಡುಕ ನಮಗೂ ಹತ್ತುತ್ತದೆ.

ಬೂಟು ಬೇಯಿಸಿ ತಿನ್ನುವ ದೃಶ್ಯಕ್ಕೆ ಮಾತ್ರ ಬಾಯಿ ಮುಚ್ಚಿಕೊಂಡಿರಿ. ಬೂಟಿನ ದಾರವನ್ನು ಶ್ಯಾವಿಗೆಯ ಹಾಗೆ ಸುತ್ತಿ ಬಾಯಿಗಿಡುವಾಗ ಹಿಂದಿನಿಂದ ಯಾರೋ “ಶ್ಯಾವಿಗೆ!” ಎಂದು ಕೂಗುತ್ತಾರೆ, ಪ್ರತಿ ವರ್ಷವೂ. ಮುಗಿದ ಮೇಲೆ ಹೇಳಿ, ಆ ಬೂಟನ್ನು ಮಾಡಿದ್ದು ಅತಿಮಧುರದಿಂದ ಎಂದು. ಗ್ರಂಧಿಗೆ ಅಂಗಡಿಯಲ್ಲಿ ಕೆಮ್ಮಿಗೆ ಕೊಡುವ ಬೇರಿನದೇ ಮಿಠಾಯಿ. ನಾನು ಒಂದು ತುಂಡು ಬೇರನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದು ಮಕ್ಕಳಿಗೆ ಅಗಿಯಲು ಕೊಡುತ್ತೇನೆ.

ಎರಡನೆಯ ರಾತ್ರಿಯ ‘ನಾನೂಕ್’ ಗಟ್ಟಿ ಸರಕು, ಒಬ್ಬ ಇನುಯಿಟ್ ಬೇಟೆಗಾರನ ಸಂಸಾರದ ಚಿತ್ರ. ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದವನು ಹಡ್ಸನ್ ಕೊಲ್ಲಿಯ ಪೂರ್ವ ದಡದಲ್ಲಿ, ಈಗ ಇನುಕ್ಜುವಾಕ್ ಎನ್ನುವ ಊರಿನ ಸುತ್ತ ಚಿತ್ರಿಸಿದ್ದು. ಅದು 58 ಡಿಗ್ರಿ ಅಕ್ಷಾಂಶ, ಆರ್ಕ್ಟಿಕ್ ವೃತ್ತಕ್ಕಿಂತ ಕೆಳಗೇ. ಆದ್ದರಿಂದ ಚಳಿಗಾಲದಲ್ಲೂ ಅಲ್ಲಿ ಸೂರ್ಯ ಹುಟ್ಟುತ್ತಾನೆ, ಆದರೆ ಡಿಸೆಂಬರಿನಲ್ಲಿ ಹಗಲು ಆರು ಗಂಟೆಯಷ್ಟೇ. ಫ್ಲಾಹರ್ಟಿ ಇದಕ್ಕೂ ಮೊದಲು ಒಮ್ಮೆ ಚಿತ್ರಿಸಿ ತಂದಿದ್ದ. 1916ರಲ್ಲಿ ಟೊರಾಂಟೋದಲ್ಲಿ ಅವನ ಸಿಗರೇಟಿನ ಕಿಡಿ ತಗುಲಿ ಸುಮಾರು 30,000 ಅಡಿ ಫಿಲ್ಮ್ ಸುಟ್ಟುಹೋಯಿತು. ಆಗಿನ ನೈಟ್ರೇಟ್ ಫಿಲ್ಮ್ ಹಾಗೆಯೇ, ಹತ್ತಿತೆಂದರೆ ಆರದು. ನಮ್ಮ ಟೆಂಟಿನ ಆಪರೇಟರ್ ಕ್ಯಾಬಿನ್ನಿನ ಹತ್ತಿರ ಬೀಡಿ ಹಿಡಿದವನ ಕೈಗೆ ಏಕೆ ಹೊಡೆಯುತ್ತಿದ್ದ ಎಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ನಮ್ಮ ಕಾಲಕ್ಕೆ ಅಂಥ ಫಿಲ್ಮ್ ಹೋಗಿಯೇ ಇಪ್ಪತ್ತು ವರ್ಷವಾಗಿತ್ತು, ಅವನ ಭಯ ಮಾತ್ರ ಉಳಿದಿತ್ತು.

ವಿವರಣೆ ಹೇಳುವವರು ನಾಲಿಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು. ಕಾಣುವುದನ್ನು ಹೇಳಬೇಡಿ. “ಈಗ ಅವನು ನಡೆಯುತ್ತಿದ್ದಾನೆ” ಎಂದು ಹೇಳುವವನನ್ನು ತಾರಸಿಯಿಂದ ಇಳಿಸಬೇಕು. ಕಾಣದ್ದನ್ನು ಹೇಳಿ, ಅದೂ ದೃಶ್ಯ ಬರುವ ಮೊದಲೇ. ಒಂದು ಚರ್ಮದ ದೋಣಿಯಿಂದ ಗಂಡ, ಹೆಂಡತಿ, ಮಕ್ಕಳು, ನಾಯಿಮರಿ ಒಬ್ಬರ ಹಿಂದೆ ಒಬ್ಬರು ಹೊರಗೆ ಬರುವ ದೃಶ್ಯಕ್ಕೆ ನನ್ನ ಮಾತೇ ಬೇಕಿಲ್ಲ, ನಂಗಲಿ ದಾರಿಯ ಶೇರ್ ಆಟೋ ಕಂಡವರಿಗೆ ಅದು ಹೊಸದಲ್ಲ. ಹಿಮದ ಮನೆ ಕಟ್ಟುವ ಭಾಗ ಬಂದಾಗ ಮಾತ್ರ ಮೊದಲೇ ಎಚ್ಚರಿಸಿ: “ಅವನ ಚಾಕು ನೋಡಿ. ಇಟ್ಟಿಗೆ ಓರೆಯಾಗಿ ಕೊಯ್ಯುತ್ತಾನೆ, ಸುರುಳಿಯಾಗಿ ಏರಿಸುತ್ತಾನೆ.” ಗಾರೆ ಕೆಲಸದವರು ಮುಂದಕ್ಕೆ ಸರಿದು ಕೂರುತ್ತಾರೆ. ಕೊನೆಯಲ್ಲಿ ಅವನು ಗೋಡೆಯಲ್ಲಿ ಒಂದು ಕಂಡಿ ಕೊರೆದು ಪಾರದರ್ಶಕ ಮಂಜುಗಡ್ಡೆಯ ಹಲ್ಲೆ ಕೂರಿಸಿ, ಪಕ್ಕದಲ್ಲಿ ಒಂದು ಹಿಮದ ಇಟ್ಟಿಗೆಯನ್ನು ನಿಲ್ಲಿಸುತ್ತಾನೆ. ಬಿಸಿಲು ಅದಕ್ಕೆ ಬಡಿದು ಒಳಗೆ ಬೀಳಲಿ ಎಂದು. ಬೆಳಕಿನ ಕೆಲಸ ಮಾಡಿದ ನನಗೆ ಇಡೀ ಸಿನಿಮಾದಲ್ಲಿ ಅದಕ್ಕಿಂತ ಹೆಚ್ಚಿನ ದೃಶ್ಯವಿಲ್ಲ.

ಹಿಮದ ಮನೆಯೊಳಗೆ ಬೆಚ್ಚಗಿರುವುದು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಐಸ್ ಗಾಡಿಯವನು ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಗೋಣಿ ಸುತ್ತುತ್ತಿದ್ದುದನ್ನು ನೆನಪಿಸಿ. ಹೊಟ್ಟಿನ ಸಂದಿಯಲ್ಲಿ ಸಿಕ್ಕಿಬಿದ್ದ ಗಾಳಿ ಹೊರಗಿನ ಸೆಕೆಯನ್ನು ಒಳಗೆ ಬಿಡುವುದಿಲ್ಲ. ಗಟ್ಟಿಯಾಗಿ ಕೂತ ಹಿಮದೊಳಗೂ ಅಂಥದೇ ಗಾಳಿ, ಅದು ಒಳಗಿನ ಕಾವನ್ನು ಹೊರಗೆ ಬಿಡುವುದಿಲ್ಲ. ಬಾಗಿಲ ಸುರಂಗ ಮಲಗುವ ಜಗಲಿಗಿಂತ ಕೆಳಗಿರುತ್ತದೆ, ತಣ್ಣನೆಯ ಗಾಳಿ ತೂಕದ್ದಾದ್ದರಿಂದ ಅಲ್ಲೇ ತಂಗುತ್ತದೆ. ಎದುರು ಮನೆಯ ಅಜ್ಜಿ ಇದಕ್ಕೆ ಒಂದೇ ಮಾತು ಹೇಳಿದರು: “ನಮ್ಮ ರಾಗಿ ಹಗೇವನ್ನು ಬೋರಲು ಹಾಕಿದ್ದಾರೆ.”

ಹಸಿ ಮಾಂಸ ತಿನ್ನುವ ದೃಶ್ಯಗಳಿವೆ, ಮುಂಚೆಯೇ ಹೇಳಿಬಿಡಿ. ಸೊಪ್ಪು, ಹಣ್ಣು ಬೆಳೆಯದ ಕಡೆ ಹಸಿ ಮಾಂಸದಿಂದಲೇ ಸಿ ವಿಟಮಿನ್ ಸಿಗುತ್ತಿತ್ತು ಎಂದು ಹೇಳಿದರೆ ಮುಖ ಸಿಂಡರಿಸಿದವರೂ ಸ್ವಲ್ಪ ಸಡಿಲುತ್ತಾರೆ. ನಮ್ಮ ಬೀದಿಯ ಇಬ್ಬರು ಆ ಹೊತ್ತಿಗೆ ಸರಿಯಾಗಿ ಕೆಳಗಿಳಿದು ನೀರು ಕುಡಿದು ಬರುತ್ತಾರೆ, ಅವರಿಗೆ ನಾನು ಕೈಸನ್ನೆ ಮಾಡುತ್ತೇನೆ.

ಈ ಸಿನಿಮಾದ ನಿಜ ಸುಳ್ಳನ್ನು ಯಾವಾಗ ಹೇಳಬೇಕು ಎಂಬುದರಲ್ಲಿ ನನಗೂ ನನ್ನ ಮೊಮ್ಮಗಳಿಗೂ ಜಗಳ. ನಾನೂಕ್ ಎಂಬುದು ಅವನ ಹೆಸರೇ ಅಲ್ಲ. ಅದರ ಅರ್ಥ ಹಿಮಕರಡಿ. ಆ ಮನುಷ್ಯನ ನಿಜ ಹೆಸರು ಅಲ್ಲಕರಿಯಲ್ಲಕ್. ತೆರೆಯ ಮೇಲಿನ ಸಂಸಾರ ಅವನ ಸಂಸಾರವಲ್ಲ. ಅವರು ಆಗಲೇ ಬಂದೂಕು ಬಳಸುತ್ತಿದ್ದರೂ ಹಳೆಯ ಭರ್ಜಿಯಲ್ಲೇ ಬೇಟೆಯಾಡಿಸಿದರು. ಗ್ರಾಮಾಫೋನ್ ತಟ್ಟೆಯನ್ನು ಕಚ್ಚಿ ನೋಡುವುದು ಬರೀ ನಟನೆ. ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆ ಅರ್ಧ ಗೋಡೆಯೇ ಇಲ್ಲದ ಮನೆ ಕಟ್ಟಿದರು. ಸಂಸಾರ ಬೆಚ್ಚಗೆ ಮಲಗಿದಂತೆ ಕಾಣುವಾಗ ಅವರು ನಿಜವಾಗಿ ಬಯಲಿನ ಚಳಿಯಲ್ಲಿದ್ದರು. ಮೊದಲೇ ಹೇಳಬೇಕು ಎನ್ನುತ್ತಾಳೆ ಮೊಮ್ಮಗಳು, ಮೋಸ ಮಾಡಬಾರದಂತೆ. ಒಂದು ವರ್ಷ ಅವಳ ಮಾತು ಕೇಳಿ ಮೊದಲೇ ಹೇಳಿದೆ. ಜನ ಇಡೀ ಹೊತ್ತು ಕಳ್ಳನನ್ನು ಹಿಡಿಯುವವರ ಹಾಗೆ ನೋಡಿದರು, ಇಟ್ಟಿಗೆ ಕೊಯ್ಯುವ ಕೈಯ ಕುಶಲತೆ ಯಾರಿಗೂ ಕಾಣಲಿಲ್ಲ. ಆ ಕೈ ಸುಳ್ಳಲ್ಲ. ಈಗ ಮುಗಿದ ಕೂಡಲೇ ಹೇಳುತ್ತೇನೆ, ಆದರೆ ಹೇಳದೆ ಮಾತ್ರ ಕಳಿಸುವುದಿಲ್ಲ.

ಮನೆಯೊಳಗೆ ನೋಡಿಕೊಳ್ಳಲು ಇನ್ನೂ ಇವೆ. ಹೊರಗಿನವನ ಕಣ್ಣಲ್ಲದೆ ಇನುಯಿಟ್ ಜನರೇ ತಮ್ಮ ಭಾಷೆಯಲ್ಲಿ ತೆಗೆದದ್ದು ಬೇಕೆಂದರೆ 2001ರ ‘ಅಟನರ್ಜುವಾಟ್’. ಝಕಾರಿಯಾಸ್ ಕುನುಕ್ ನಿರ್ದೇಶನ, ಆ ಭಾಷೆಯ ಮೊದಲ ಕಥಾಚಿತ್ರ, ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿ ಪಡೆಯಿತು. ಹೆಚ್ಚುಕಡಿಮೆ ಮೂರು ಗಂಟೆ. ಒಬ್ಬ ಬೆತ್ತಲೆಯಾಗಿ ಮಂಜುಗಡ್ಡೆಯ ಮೇಲೆ ಓಡುವ ದೃಶ್ಯ ಬರುವುದರಿಂದ ಅತ್ತೆ ಮಾವಂದಿರ ಜೊತೆ ಕೂರುವ ಮೊದಲು ಯೋಚಿಸಿ. ಮಕ್ಕಳಿಗೆ 2019ರ ‘ಟೋಗೋ’. ಅಲಾಸ್ಕಾದ ನೋಮ್ ಊರಿಗೆ 1925ರಲ್ಲಿ ಗಂಟಲಮಾರಿ ಬಂದಾಗ ನಾಯಿಗಾಡಿಗಳವರು ಸರದಿಯಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಔಷಧಿ ಒಯ್ದ ಕಥೆ. ಆ ರೋಗದ ಹೆಸರು ಕೇಳಿದರೆ ನಮ್ಮ ಹಿರಿಯರು ಈಗಲೂ ಬೆಚ್ಚುತ್ತಾರೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಜಪಾನಿನ ನಿರ್ದೇಶಕ ಕುರೋಸಾವಾ ಅವರ 1975ರ ‘ದೆರ್ಸು ಉಜಾಲಾ’. ರಷ್ಯಾದ ಪೂರ್ವ ತುದಿಯ ಉಸ್ಸೂರಿ ಕಾಡಿನಲ್ಲಿ ಭೂಮಾಪನಕ್ಕೆ ಹೋದ ಕ್ಯಾಪ್ಟನ್, ಅವನಿಗೆ ದಾರಿ ತೋರುವ, ಅಲ್ಲಿಯ ನಾನಾಯ್ ಬುಡಕಟ್ಟಿನ ಬೇಟೆಗಾರ ದೆರ್ಸು. ಎರಡು ಗಂಟೆ ಇಪ್ಪತ್ತು ನಿಮಿಷ, ಅದೇ ಎರಡು ಭಾಗವಾಗಿದೆ, ಎರಡು ರಾತ್ರಿ ನೋಡಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಕತ್ತಲಾಗಿ, ಗಾಳಿ ಎದ್ದು, ಸಾವು ಖಚಿತವೆನ್ನುವಾಗ ಇಬ್ಬರೂ ಜೊಂಡು ಕೊಯ್ಯುತ್ತಾರೆ, ಕೊಯ್ಯುತ್ತಲೇ ಇರುತ್ತಾರೆ. ನಮ್ಮ ಕೆರೆಗಳಲ್ಲಿ ನೀರಿಗಿಂತ ಹೆಚ್ಚಾಗಿ ಇರುವ ಅದೇ ಜೊಂಡು! ಇನ್ನೊಂದು ಕಡೆ ದೆರ್ಸು ಕಾಡಿನ ಗುಡಿಸಲೊಂದನ್ನು ಬಿಡುವಾಗ ಅಕ್ಕಿ, ಉಪ್ಪು, ಬೆಂಕಿಕಡ್ಡಿ ಕೇಳಿ ಪಡೆದು ಅಲ್ಲಿಟ್ಟು ಹೋಗುತ್ತಾನೆ, ಮುಂದೆ ಯಾರೋ ಬರುತ್ತಾರೆ ಎಂದು. ಅರವಟ್ಟಿಗೆ ಇಟ್ಟವರ ಊರಿನಲ್ಲಿ ಇದಕ್ಕೆ ಅನುವಾದ ಬೇಡ.

ಮಾತಿಗೆ ಮಾತ್ರ ಬೇಕು. ಕನ್ನಡ ಅಡಿಬರಹವನ್ನು ಮನೆಮಂದಿಗಾಗಿ ನಾವೇ ಬರೆದುಕೊಳ್ಳಬಹುದು. ‘ಎಸ್‌ಆರ್‌ಟಿ’ ಎಂಬ ಕಡತ ಬರೀ ಅಕ್ಷರ ಮತ್ತು ಸಮಯದ ಪಟ್ಟಿ, ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಸಮಯದ ಸಾಲುಗಳನ್ನು ಮುಟ್ಟದೆ ಇಂಗ್ಲಿಷಿನ ಜಾಗದಲ್ಲಿ ಕನ್ನಡ ಬರೆದು, ‘ಯುಟಿಎಫ್-8’ ಎಂದು ಆರಿಸಿ ಉಳಿಸಿ. ಕಡತಕ್ಕೆ ಸಿನಿಮಾದ ಹೆಸರೇ ಇರಲಿ. ಕೆಲವು ಹಳೆಯ ಟಿವಿಗಳಲ್ಲಿ ಒತ್ತಕ್ಷರಗಳು ಪಕ್ಕಕ್ಕೆ ಉದುರಿ ಬೀಳುತ್ತವೆ, ಅಲ್ಲಿ ಕಂಪ್ಯೂಟರ್ ಜೋಡಿಸಿ ನೋಡುವುದೇ ದಾರಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬರೆಯಬೇಡಿ. ದೆರ್ಸು ಹೇಗೂ ಹೆಚ್ಚು ಮಾತನಾಡುವವನಲ್ಲ.

ಆಟ ಮುಗಿದ ಮೇಲೆ ಪ್ರೊಜೆಕ್ಟರಿನ ಬಲ್ಬು ಆರಿಸಿ, ಆದರೆ ವೈರನ್ನು ಕೀಳಬೇಡಿ. ಒಳಗಿನ ಫ್ಯಾನು ಎರಡು ಮೂರು ನಿಮಿಷ ತಿರುಗಿ ತಾನಾಗಿ ನಿಲ್ಲಬೇಕು, ಅವಸರ ಮಾಡಿದರೆ ಬಲ್ಬು ಕೆಡಬಹುದು. ತಾರಸಿಯ ದೀಪವನ್ನೂ ಆಗಲೇ ಹಾಕಬೇಡಿ. ಜನ ಮಾತನಾಡುವುದು ಆ ಕತ್ತಲಿನಲ್ಲಿಯೇ. ಹೋದ ವರ್ಷ ಫ್ಯಾನು ತಿರುಗುತ್ತಿರುವಾಗ ಎದುರು ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ನಿಂತು ಕೇಳಿದರು: “ಆ ನಾಯಿಗಳು ಹೊರಗೇ ಮಲಗಿದವಲ್ಲಪ್ಪ, ಮೈಮೇಲೆಲ್ಲ ಹಿಮ ಬಿತ್ತು. ಬೆಳಿಗ್ಗೆ ಎದ್ದವೇ?” ಎದ್ದವು ಎಂದೆ. “ತೋರಿಸಲಿಲ್ಲವಲ್ಲ” ಎಂದು ಗೊಣಗುತ್ತ ಕೆಳಗಿಳಿದರು.